ಸರ್ಪಗಂಧಿಯ ಬೇರು

ಔಷಧಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದನ್ನು ರೋಗಗಳ ಚರಿತ್ರೆಯಾಗಿಯೋ ವೈದ್ಯರ ಚರಿತ್ರೆಯಾಗಿಯೋ ಬರೆಯುವುದುಂಟು. ಈ ಹೊತ್ತು ನಾವು ಹಾಗೆ ಮಾಡದೆ, ಒಂದೇ ಒಂದು ಗಿಡದ ಬೇರನ್ನು ಹಿಡಿದುಕೊಂಡು, ಅದರೊಳಗೆ ಅಡಗಿದ್ದ ವಸ್ತುವು ಹೇಗೆ ಹೊರಬಿದ್ದಿತು, ಹೊರಬೀಳುವುದಕ್ಕೆ ಏಕೆ ಅಷ್ಟು ತಡವಾಯಿತು, ಬಂದ ಮೇಲೆ ಮನುಷ್ಯನ ಮೈಯಲ್ಲಿಯೂ ಮನಸ್ಸಿನಲ್ಲಿಯೂ ಏನನ್ನು ಮಾಡಿತು ಎಂಬುದನ್ನು ಹೇಳಬೇಕೆಂದಿದ್ದೇವೆ. ಆ ಗಿಡ ಸರ್ಪಗಂಧಿ. ಪಶ್ಚಿಮಘಟ್ಟದ ತೇವವುಳ್ಳ ಕಾಡುಗಳಲ್ಲಿ, ಹಿಮಾಲಯದ ತಪ್ಪಲಿನಲ್ಲಿ, ಬಂಗಾಳ ಬಿಹಾರಗಳಲ್ಲಿ, ಬರ್ಮ, ಸಿಂಹಳ, ಜಾವಾ ದೇಶಗಳಲ್ಲಿ ಮರಗಳ ನೆರಳನ್ನು ಆಶ್ರಯಿಸಿ ಬೆಳೆಯುವ ಸಣ್ಣ ಗಿಡವಿದು. ಎತ್ತರ ಒಂದೆರಡು ಅಡಿ. ಎಲೆಗಳು ಕಣ್ಣಿಗೆ ಮೂರು ಮೂರರಂತೆ ಸುತ್ತುಗಟ್ಟಿರುತ್ತವೆ. ಹೂ ಬಿಳುಪು, ಹೂವಿನ ತೊಟ್ಟು ಕೆಂಪು. ಹಣ್ಣು ಮಾಗಿದರೆ ಕಪ್ಪು ನೇರಿಳೆಯ ಬಣ್ಣ. ನೋಡುವುದಕ್ಕೆ ಚೆಲುವಾಗಿದೆಯೆಂದು ತೋಟದಲ್ಲಿ ನೆಡುವವರೂ ಇದ್ದಾರೆ. ಆದರೆ ಗಿಡದ ಪ್ರಾಣವೆಲ್ಲ ನೆಲದೊಳಗಿದೆ. ಬೇರು ಬೂದುಹಳದಿ, ಬಾಯಿಗಿಟ್ಟರೆ ಬಹಳ ಕಹಿ.

ಹೆಸರಿನಿಂದಲೇ ನಮ್ಮ ಕಥೆ ಆರಂಭವಾಗಬೇಕು. ಏಕೆಂದರೆ ಈ ಗಿಡದ ವಿಷಯದಲ್ಲಿ ಹೆಸರು ಲೋಕವನ್ನು ಬಹು ಕಾಲ ದಾರಿ ತಪ್ಪಿಸಿತು. ಸಂಸ್ಕೃತದಲ್ಲಿ ಸರ್ಪಗಂಧಾ, ಲ್ಯಾಟಿನ್ ಭಾಷೆಯಲ್ಲಿ ರಾವೊಲ್ಫಿಯ ಸರ್ಪೆಂಟೀನ. ಎರಡರಲ್ಲಿಯೂ ಹಾವು ಸೇರಿಕೊಂಡಿದೆ. ಚರಕ ಸುಶ್ರುತರ ಗ್ರಂಥಗಳಲ್ಲಿ ಬರುವ ಸರ್ಪಗಂಧಾ ಇದೇ ಗಿಡವೆಂದು ಎಲ್ಲ ಪಂಡಿತರೂ ಒಪ್ಪುವುದಿಲ್ಲ. ಆ ವಾದ ಇಲ್ಲಿ ನಮಗೆ ಬೇಡ. ೧೫೬೩ರಲ್ಲಿ ಗೋವೆಯಲ್ಲಿ ಅಚ್ಚಾದ ಪೋರ್ಚುಗೀಸ್ ಭಾಷೆಯ ಒಂದು ಗ್ರಂಥದಲ್ಲಿ ಗಾರ್ಸಿಯ ದ ಓರ್ತ ಎಂಬ ವೈದ್ಯನು ಹಾವಿನ ಕಡಿತಕ್ಕೆ ಉಪಯೋಗಿಸುವ ಕಟ್ಟಿಗೆ ಬೇರುಗಳನ್ನು ಕುರಿತು ವಿಸ್ತಾರವಾಗಿ ಬರೆದಿದ್ದಾನೆ. ಸಿಂಹಳದಲ್ಲಿ ಮುಂಗುಸಿಯು ಹಾವಿನೊಡನೆ ಕಾದಾಡುವ ಮೊದಲು ಇಂತಹ ಬೇರೊಂದನ್ನು ಅಗಿದು ಮೈಗೆ ಬಳಿದುಕೊಳ್ಳುತ್ತದೆಂಬ ಕಥೆಯನ್ನೂ ಆತನು ಬಿಟ್ಟಿಲ್ಲ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಈ ಮುಂಗುಸಿಯ ಕಥೆಯನ್ನು ಕೇಳದವರು ವಿರಳ. ಯೂರೋಪಿನವರು ಕಥೆಯನ್ನು ಬೇರಿನೊಡನೆಯೇ ಹಡಗಿಗೆ ಏರಿಸಿಕೊಂಡು ಹೋದರು.

ಲ್ಯಾಟಿನ್ ಹೆಸರಿನ ಮೊದಲರ್ಧವು ಇನ್ನೂ ವಿಚಿತ್ರವಾದುದು. ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಲಿಯೊನ್‌ಹಾರ್ಟ್ ರಾವೊಲ್ಫ್ ಎಂಬ ವೈದ್ಯನಿದ್ದನು. ೧೫೭೩ರಲ್ಲಿ ಹೊರಟು ಸಿರಿಯ, ಮೆಸೊಪೊಟೇಮಿಯ ಮೊದಲಾದ ದೇಶಗಳಲ್ಲಿ ಗಿಡಮೂಲಿಕೆಗಳನ್ನು ಅರಸಿ ತಿರುಗಾಡಿದವನು ಆತ. ಭಾರತದ ನೆಲವನ್ನು ಮೆಟ್ಟಲಿಲ್ಲ. ಈ ಗಿಡವನ್ನು ಕಾಡಿನಲ್ಲಿ ಕಾಣಲಿಲ್ಲ. ಅವನು ಸತ್ತು ನೂರು ವರ್ಷಗಳಾದ ಮೇಲೆ, ೧೭೦೩ರಲ್ಲಿ, ಪ್ಲೂಮಿಯೆ ಎಂಬ ಫ್ರೆಂಚ್ ಸನ್ಯಾಸಿಯು ಅಮೆರಿಕದ ಸಸ್ಯಗಳನ್ನು ವರ್ಣಿಸುವಾಗ ಒಂದು ಕುಲಕ್ಕೆ ಗೌರವಾರ್ಥವಾಗಿ ಅವನ ಹೆಸರನ್ನಿಟ್ಟನು. ಮುಂದೆ ನಮ್ಮ ಸರ್ಪಗಂಧಿಯು ಆ ಕುಲಕ್ಕೆ ಸೇರಿದ್ದೆಂದು ತೀರ್ಮಾನವಾಯಿತು. ಹೀಗೆ, ಎಂದೂ ಅದನ್ನು ನೋಡದ ಒಬ್ಬ ಜರ್ಮನನ ಹೆಸರೂ, ಅದಕ್ಕೆ ಹೆಚ್ಚು ಸಂಬಂಧವಿಲ್ಲದ ಒಂದು ಹಾವಿನ ಹೆಸರೂ ಸೇರಿ ಈ ಗಿಡದ ಶಾಸ್ತ್ರೀಯ ನಾಮಧೇಯವಾಗಿದೆ.

ಸಂಬಂಧವಿಲ್ಲ ಎಂದು ನಾವು ಹೇಳುವುದು ಸುಮ್ಮನಲ್ಲ. ಹಾವಿನ ವಿಷಕ್ಕೆ ಈ ಬೇರು ಮದ್ದೆಂದು ಯಾವ ಪರೀಕ್ಷೆಯೂ ಸ್ಥಾಪಿಸಿಲ್ಲ. ಹಾವು ಕಡಿದವನನ್ನು ತಡಮಾಡದೆ ಆಸ್ಪತ್ರೆಗೆ ಒಯ್ದು ಪ್ರತಿವಿಷದ ಚುಚ್ಚುಮದ್ದನ್ನು ಕೊಡಿಸುವುದೊಂದೇ ಮಾರ್ಗ. ಹಾಗಾದರೆ ಶತಮಾನಗಳ ನಂಬಿಕೆ ಎಲ್ಲಿಂದ ಬಂದಿತು? ಕಡಿಯುವ ಹಾವುಗಳಲ್ಲಿ ವಿಷವಿಲ್ಲದವೇ ಹೆಚ್ಚು; ವಿಷದ ಹಾವು ಕಡಿದಾಗಲೂ ಪ್ರತಿಸಲವೂ ವಿಷ ಇಳಿಯುವುದಿಲ್ಲ. ಅಂತಹ ಸಮಯದಲ್ಲಿ ಭೀತಿಯಿಂದ ನಡುಗುತ್ತಿದ್ದವನಿಗೆ ಮನಸ್ಸನ್ನು ತಣಿಸುವ ಬೇರನ್ನು ಅರೆದು ಕುಡಿಸಿದರೆ, ಅವನು ಶಾಂತನಾಗಿ ಮಲಗಿ ಬೆಳಗ್ಗೆ ಎದ್ದರೆ, ಕೀರ್ತಿ ಬೇರಿಗೆ ಸಲ್ಲುವುದು ಸಹಜ. ಇದು ನಮ್ಮ ಊಹೆ. ಆದರೆ ಅಸಂಭವವಾದ ಊಹೆಯಲ್ಲ.

ಪಂಡಿತರು ಹೀಗೆ ಹಾವಿನ ಹಿಂದೆ ಹೋಗುತ್ತಿರಲಾಗಿ, ಬಿಹಾರದ ಸಂತೆಗಳಲ್ಲಿ ಇದೇ ಬೇರನ್ನು ಮಾರುತ್ತಿದ್ದವರು ಅದಕ್ಕೆ ಬೇರೊಂದು ಹೆಸರನ್ನು ಇಟ್ಟಿದ್ದರು: ಪಾಗಲ್ ಕಾ ದವಾ, ಎಂದರೆ ಹುಚ್ಚಿನ ಮದ್ದು. ಮನೆಯಲ್ಲಿ ಒಬ್ಬನಿಗೆ ಚಿತ್ತವಿಭ್ರಮೆಯಾಗಿ, ಕೂಗುವುದು, ಹೊಡೆಯುವುದು, ರಾತ್ರಿ ನಿದ್ರೆ ಮಾಡದೆ ಅಲೆಯುವುದು ಮೊದಲಾದರೆ, ಮನೆಯವರು ಈ ಬೇರಿನ ಪುಡಿಯನ್ನು ಕೆಲವು ದಿವಸ ಕೊಡುತ್ತಿದ್ದರು. ಹಠಮಾಡುವ ಮಕ್ಕಳನ್ನು ಮಲಗಿಸಲು ಬಡ ಹೆಂಗಸರು ಇದನ್ನು ಚೂರುಮಾಡಿ ಕೊಡುತ್ತಿದ್ದರೆಂದೂ ಹೇಳುತ್ತಾರೆ; ಅದು ಒಳ್ಳೆಯ ಅಭ್ಯಾಸವಲ್ಲ. ಆದರೂ ಹಾವನ್ನು ಹೇಳಿದ ಗ್ರಂಥಕ್ಕಿಂತ ಹುಚ್ಚನ್ನು ಹೇಳಿದ ಸಂತೆಯೇ ಸತ್ಯಕ್ಕೆ ಹತ್ತಿರವಾಗಿತ್ತೆಂಬುದನ್ನು ಇಲ್ಲಿಯೇ ಗುರುತುಮಾಡಿಕೊಳ್ಳೋಣ.

ಇದರ ಬೆಲೆ ತಿಳಿಯಬೇಕಾದರೆ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮಾನಸಿಕ ರೋಗಿಗಳ ಸ್ಥಿತಿಯೇನಿತ್ತೆಂಬುದನ್ನು ನೆನೆಯಬೇಕು. ಲಂಡನ್ನಿನಲ್ಲಾಗಲಿ ನ್ಯೂಯಾರ್ಕಿನಲ್ಲಾಗಲಿ ನಮ್ಮ ದೇಶದಲ್ಲಾಗಲಿ ಆ ಆಸ್ಪತ್ರೆಗಳ ಮುಖ್ಯ ಸಾಧನಗಳು ಬೀಗ, ಗೋಡೆ, ಕಟ್ಟುವ ಪಟ್ಟಿ. ಇನ್ಸುಲಿನ್ ಚುಚ್ಚಿ ಪ್ರಜ್ಞೆ ತಪ್ಪಿಸುವುದು, ವಿದ್ಯುತ್ತಿನ ಆಘಾತ, ೧೯೩೫ರಿಂದ ಈಚೆಗೆ ಮಿದುಳಿನ ಮುಂಭಾಗದ ನರಗಳನ್ನೇ ಕತ್ತರಿಸುವುದು, ಇವೆಲ್ಲ ಹೊಸ ಚಿಕಿತ್ಸೆಗಳೆನ್ನಿಸಿಕೊಂಡಿದ್ದವು. ನುಂಗುವ ಮದ್ದಿನಿಂದ ಹುಚ್ಚನ್ನು ಶಮನಗೊಳಿಸಬಹುದೆಂದರೆ ನಗುವ ಕಾಲವದು. ಮದ್ದು ಕೊಟ್ಟು ರೋಗಿಯನ್ನು ಮಂಪರಿನಲ್ಲಿ ಕೆಡವಬಹುದಾಗಿತ್ತು. ಎಚ್ಚರವಾಗಿರುವಂತೆಯೇ ಶಾಂತನಾಗಿಸುವ ಮದ್ದು ಇರಲಿಲ್ಲ. ರಕ್ತದ ಒತ್ತಡದ ವಿಷಯವೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ಒತ್ತಡ ಏರಿದವನಿಗೆ ಉಪ್ಪು ಬಿಡು, ವಿಶ್ರಾಂತಿ ತೆಗೆದುಕೋ ಎನ್ನುವುದಲ್ಲದೆ ವೈದ್ಯನಿಗೆ ಹೇಳಲು ಬಹಳವೇನೂ ಇರಲಿಲ್ಲ.

ಇನ್ನು ರಸಾಯನಶಾಸ್ತ್ರಕ್ಕೆ ಬರೋಣ. ಗಿಡಗಳು ತಮ್ಮ ಅಂಗಗಳಲ್ಲಿ ಸಕ್ಕರೆ, ಹಿಟ್ಟು, ಎಣ್ಣೆ ಮೊದಲಾದವನ್ನು ಕೂಡಿಡುವಂತೆ ಸಾರಜನಕವುಳ್ಳ ಕೆಲವು ಕಹಿ ವಸ್ತುಗಳನ್ನೂ ಮಾಡಿಕೊಳ್ಳುತ್ತವೆ. ಆಮ್ಲದೊಡನೆ ಸೇರಿದರೆ ಲವಣವಾಗುವ ಗುಣ ಇವುಗಳಿಗೆ ಇರುವುದರಿಂದ ಆಲ್ಕಲಾಯ್ಡ್ ಎಂದು ಹೆಸರು. ನಾವು ಸಸ್ಯಕ್ಷಾರವೆಂದು ಕರೆಯಬಹುದು. ಹುಳುಹುಪ್ಪಟೆಗಳೂ ಮೇಯುವ ಪ್ರಾಣಿಗಳೂ ತಿನ್ನದಂತೆ ಗಿಡವು ಕಟ್ಟಿಕೊಂಡ ಕೋಟೆಯೆಂದು ಇದನ್ನು ಭಾವಿಸುತ್ತಾರೆ. ಪ್ರಾಣಿಯ ನರಗಳಿಗೆ ತಾಗಬೇಕೆಂದೇ ಹುಟ್ಟಿದ ವಸ್ತು ಮನುಷ್ಯನ ನರಗಳಿಗೂ ತಾಗುವುದರಲ್ಲಿ ಆಶ್ಚರ್ಯವಿಲ್ಲ. ಅಳತೆಯಲ್ಲಿ ಕೊಟ್ಟರೆ ಮದ್ದು, ಅಳತೆ ಮೀರಿದರೆ ವಿಷ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಫೀಮಿನಿಂದ ಮಾರ್ಫೀನನ್ನು ಬೇರ್ಪಡಿಸಿದರು. ೧೮೨೦ರಲ್ಲಿ ಪೆಲ್ತಿಯೆ, ಕಾವಾಂತು ಎಂಬ ಇಬ್ಬರು ಫ್ರೆಂಚರು ಸಿಂಕೋನ ಮರದ ತೊಗಟೆಯಿಂದ ಕ್ವಿನೀನನ್ನು ತೆಗೆದರು. ಅಲ್ಲಿಂದ ಮುಂದೆ ರಸಾಯನಜ್ಞನ ಆದರ್ಶವು ಒಂದೇ ಆಯಿತು: ಗಿಡವನ್ನು ಅರೆ, ಮದ್ಯಸಾರದಲ್ಲಿ ನೆನೆಹಾಕು, ಬೇಡದ್ದನ್ನು ಕಳೆ, ಕೊನೆಗೆ ಶುದ್ಧವಾದ ಹರಳು ಕೈಗೆ ಬರಬೇಕು. ಹರಳು ಬಂದರೆ ಕೆಲಸ ಗೆದ್ದಂತೆ. ಬಟ್ಟಲಿನ ತಳದಲ್ಲಿ ಉಳಿದ ಕಂದುಬಣ್ಣದ ಅಂಟಿಗೆ ಯಾರೂ ಬೆಲೆ ಕಟ್ಟುತ್ತಿರಲಿಲ್ಲ. ಈ ಆದರ್ಶವು ನೂರು ಗಿಡಗಳಲ್ಲಿ ಫಲಿಸಿತು. ಸರ್ಪಗಂಧಿಯಲ್ಲಿ ಮಾತ್ರ ಅದೇ ಅಡ್ಡಿಯಾಯಿತು.

೧೯೩೧ನೆಯ ಇಸವಿಯು ಈ ಚರಿತ್ರೆಯಲ್ಲಿ ಮುಖ್ಯವಾದುದು. ಆ ವರ್ಷ ಎರಡು ಊರುಗಳಲ್ಲಿ ಎರಡು ಕೆಲಸಗಳು ನಡೆದು ಪ್ರಕಟವಾದವು. ಒಂದು ದೆಹಲಿಯಲ್ಲಿ. ಅಲ್ಲಿ ಹಕೀಮ್ ಅಜ್ಮಲ್ ಖಾನರು ಸ್ಥಾಪಿಸಿದ್ದ, ೧೯೨೧ರಲ್ಲಿ ಗಾಂಧೀಜಿಯವರಿಂದ ಪ್ರಾರಂಭೋತ್ಸವವಾದ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜು ಇತ್ತು. ಹಕೀಮರು ಹಳೆಯ ವೈದ್ಯದ ದೊಡ್ಡ ವಿದ್ವಾಂಸರು. ಆದರೆ ಹಳೆಯದನ್ನು ಹೊಸ ಪರೀಕ್ಷೆಗೆ ಒಡ್ಡಲು ಹೆದರುವವರಲ್ಲ. ನಮ್ಮ ಮೂಲಿಕೆಗಳಲ್ಲಿ ಏನಿದೆಯೆಂಬುದನ್ನು ರಸಾಯನಶಾಲೆಯಲ್ಲಿ ಒಡೆದು ನೋಡಬೇಕೆಂಬುದು ಅವರ ಆಸೆ. ಅದಕ್ಕಾಗಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ೧೯೨೭ರಲ್ಲಿ ಡಾಕ್ಟರ್ ಪದವಿಯನ್ನು ಪಡೆದ ಸಲೀಮುಜ್ಜಮಾನ್ ಸಿದ್ದಿಕಿ ಎಂಬ ತರುಣನನ್ನು ಆರಿಸಿಕೊಂಡರು. ಈತನು ಒಳ್ಳೆಯ ಚಿತ್ರಕಾರನೂ ಹೌದು. ೧೯೨೭ರ ಡಿಸೆಂಬರಿನಲ್ಲಿ ಹಕೀಮರು ತೀರಿಹೋದರು. ಸಂಶೋಧನೆ ಮಾತ್ರ ನಿಲ್ಲಲಿಲ್ಲ. ಸಿದ್ದಿಕಿಯವರು ರಫತ್ ಹುಸೇನ್ ಸಿದ್ದಿಕಿಯೊಡನೆ ಕೆಲಸ ಮಾಡಿ, ಸರ್ಪಗಂಧಿಯ ಬೇರಿನಿಂದ ಐದು ಸಸ್ಯಕ್ಷಾರಗಳನ್ನು ಹರಳಾಗಿ ಬೇರ್ಪಡಿಸಿದರು. ಮೂರು ಬಿಳಿಯವು, ಎರಡು ಹಳದಿಯವು. ಹಳದಿಯವಕ್ಕೆ ಗಿಡದ ಹೆಸರಿನಿಂದ ಸರ್ಪೆಂಟೀನ್, ಸರ್ಪೆಂಟಿನೀನ್ ಎಂದು ಹೆಸರಿಟ್ಟರು. ಬಿಳಿಯವಕ್ಕೆ ಗತಿಸಿದ ಹಕೀಮರ ಹೆಸರಿನಿಂದ ಅಜ್ಮಲೀನ್, ಅಜ್ಮಲಿನೀನ್, ಅಜ್ಮಲಿಸೀನ್ ಎಂದು ಕರೆದರು. ರಸಾಯನಶಾಸ್ತ್ರದ ಶುಷ್ಕವಾದ ಪಟ್ಟಿಗಳಲ್ಲಿ ಕೃತಜ್ಞತೆ ಇಷ್ಟು ನೇರವಾಗಿ ಕಾಣುವುದು ಅಪರೂಪ.

ಇನ್ನೊಂದು ಕೆಲಸ ಕಲ್ಕತ್ತೆಯಲ್ಲಿ ನಡೆಯಿತು. ಕವಿರಾಜ ಗಣನಾಥ ಸೇನರೂ ಕಾರ್ತಿಕಚಂದ್ರ ಬೋಸರೂ ಸೇರಿ, ಉನ್ಮಾದಕ್ಕೂ ರಕ್ತದ ಒತ್ತಡದ ಏರಿಕೆಗೂ ಈ ಬೇರು ಹೊಸ ಮದ್ದೆಂದು ಒಂದು ಲೇಖನವನ್ನು ಅಲ್ಲಿಯ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಗಣನಾಥ ಸೇನರು ಎರಡು ವೈದ್ಯಗಳನ್ನೂ ಓದಿದವರು; ಶರೀರರಚನೆಯನ್ನು ಕುರಿತು ಸಂಸ್ಕೃತದಲ್ಲಿ ಪ್ರತ್ಯಕ್ಷ ಶಾರೀರವೆಂಬ ಗ್ರಂಥವನ್ನು ಬರೆದವರು. ಇವರಿಬ್ಬರೂ ಹರಳಿನ ಗೋಜಿಗೆ ಹೋಗಲಿಲ್ಲ. ಬೇರನ್ನು ಹಾಗೆಯೇ ಒಣಗಿಸಿ ಪುಡಿಮಾಡಿ, ಸುಮಾರು ೨೦ರಿಂದ ೩೦ ಗ್ರೇನ್ ತೂಕದಷ್ಟನ್ನು ದಿನಕ್ಕೆ ಎರಡು ಸಲ ಕೊಟ್ಟರು. ರೋಗಿಗಳ ಉಗ್ರಚೇಷ್ಟೆ ಒಂದು ವಾರದಲ್ಲಿ ತಗ್ಗಿತು. ರಕ್ತದ ಒತ್ತಡವೂ ಇಳಿಯಿತು. ಬಿಹಾರದ ಸಂತೆಯವರು ಹೇಳುತ್ತಿದ್ದುದನ್ನು ವೈದ್ಯರು ಮೊದಲ ಸಲ ಅಳತೆಗಳೊಡನೆ ಅಚ್ಚಿನಲ್ಲಿ ಹೇಳಿದಂತಾಯಿತು.

ಇಲ್ಲಿ ಒಂದು ಒಗಟು ಹುಟ್ಟಿಕೊಂಡಿತು. ಕಲ್ಕತ್ತೆಯ ಪುಡಿ ರೋಗಿಯನ್ನು ಶಾಂತಗೊಳಿಸಿತು. ದೆಹಲಿಯ ಹರಳುಗಳಲ್ಲಿ ಆ ಗುಣ ಕಾಣಲಿಲ್ಲ. ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿ ರಾಮನಾಥ ಚೋಪ್ರಾ ಅವರೂ ಅವರ ಸಹೋದ್ಯೋಗಿಗಳೂ ೧೯೩೩ರಿಂದ ಈ ಬೇರಿನ ಗುಣಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುತ್ತ ಹೋದರು. ಒತ್ತಡ ಇಳಿಯುವುದು ಖಚಿತವಾಯಿತು. ನಿದ್ರೆ ಶಾಂತಿಗಳನ್ನು ತರುವ ವಸ್ತು ಯಾವುದು? ೧೯೪೦ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿಯ ಸಂಶೋಧಕರು ಇದಕ್ಕೆ ಉತ್ತರವನ್ನು ಹೆಚ್ಚು ಕಡಿಮೆ ಹಿಡಿದೇಬಿಟ್ಟಿದ್ದರು: ಹರಳುಗಳನ್ನೆಲ್ಲ ತೆಗೆದಮೇಲೆ ಉಳಿಯುವ ರಾಳದಲ್ಲಿಯೇ ಆ ಗುಣವಿದೆ. ಯಾವುದನ್ನು ಕಿಟ್ಟವೆಂದು ಪಕ್ಕಕ್ಕೆ ಇಡುತ್ತಿದ್ದರೋ ಅದೇ ಮದ್ದು. ಆದರೆ ಆ ರಾಳವನ್ನು ಒಡೆದು ಅದರೊಳಗಿನ ವಸ್ತುವನ್ನು ಹಿಡಿಯಲು ಬೇಕಾದ ಸಾಧನ ಸಂಪತ್ತು, ಯುದ್ಧದ ಆ ದಿನಗಳಲ್ಲಿ ಅವರಿಗೆ ಎಲ್ಲಿಂದ ಬರಬೇಕು? ಲೇಖನ ಅಚ್ಚಾಯಿತು, ಹೊರಗಿನವರು ಓದಲಿಲ್ಲ. ವಿದ್ಯೆಯ ಲೋಕದಲ್ಲಿ ಏನು ಹೇಳಿದರೆಂಬುದಕ್ಕಿಂತ ಎಲ್ಲಿಂದ ಹೇಳಿದರೆಂಬುದಕ್ಕೇ ಹೆಚ್ಚು ತೂಕ ಬರುವುದು ಹೊಸದಲ್ಲ.

ಹೊರಗಿನವರು ಓದುವಂತೆ ಮಾಡಿದವರು ಮುಂಬಯಿಯ ಹೃದ್ರೋಗ ವೈದ್ಯರಾದ ರುಸ್ತುಂ ಜಾಲ್ ವಕೀಲರು. ಅವರು ಸರ್ಪಗಂಧಿಯ ಮಾತ್ರೆಗಳನ್ನು ತಮ್ಮ ರೋಗಿಗಳಿಗೆ ವರ್ಷಗಟ್ಟಲೆ ಕೊಟ್ಟು ನೋಡಿದ್ದರು. ಒತ್ತಡದ ಏರಿಕೆಯಿಂದ ನರಳುತ್ತಿದ್ದ ೫೦ ಮಂದಿಯ ವಿವರಗಳನ್ನು ಬ್ರಿಟಿಷ್ ಹಾರ್ಟ್ ಜರ್ನಲ್ ಎಂಬ ಪತ್ರಿಕೆಯಲ್ಲಿ ೧೯೪೯ರಲ್ಲಿ ಪ್ರಕಟಿಸಿದರು. ಬೇರು ಅದೇ, ಗುಣ ಅದೇ, ಹದಿನೆಂಟು ವರ್ಷಗಳ ಹಿಂದೆ ಕಲ್ಕತ್ತೆಯವರು ಹೇಳಿದ ಮಾತೂ ಬಹುಮಟ್ಟಿಗೆ ಅದೇ. ಪತ್ರಿಕೆ ಬೇರೆ. ಬೋಸ್ಟನ್ ನಗರದ ರಾಬರ್ಟ್ ವಿಲ್ಕಿನ್ಸ್ ಎಂಬ ವೈದ್ಯನು ಬೇರನ್ನು ತರಿಸಿಕೊಂಡು ತನ್ನ ಆಸ್ಪತ್ರೆಯಲ್ಲಿ ಉಪಯೋಗಿಸತೊಡಗಿದನು. ಒತ್ತಡ ನಿಧಾನವಾಗಿ ಇಳಿಯುವುದರ ಜತೆಗೆ, ರೋಗಿಗಳು ಮಂಪರಿಲ್ಲದೆಯೇ ನೆಮ್ಮದಿಗೊಳ್ಳುವುದೂ ಅವನ ಗಮನಕ್ಕೆ ಬಂದಿತು.

ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಸೀಬಾ ಎಂಬ ಔಷಧ ಸಂಸ್ಥೆಯಿದ್ದಿತು. ಅದರ ಪ್ರಯೋಗಾಲಯದಲ್ಲಿ ಮ್ಯೂಲರ್, ಷ್ಲಿಟ್ಲರ್, ಬೈನ್ ಎಂಬ ಮೂವರು ಈ ಬೇರಿನ ಬೆನ್ನು ಹತ್ತಿದ್ದರು. ಮೊದಲಿಬ್ಬರು ರಸಾಯನಜ್ಞರು, ಬೈನನು ಪ್ರಾಣಿಗಳ ಮೇಲೆ ಮದ್ದಿನ ಪರಿಣಾಮವನ್ನು ನೋಡುವವನು. ಇವರ ಹೆಚ್ಚುಗಾರಿಕೆಯೆಲ್ಲ ಒಂದು ಕ್ರಮದಲ್ಲಿತ್ತು: ಯಾವುದು ಸುಲಭವಾಗಿ ಹರಳಾಗುತ್ತದೆಯೆಂದು ಕೇಳದೆ, ಯಾವ ಭಾಗವನ್ನು ಕೊಟ್ಟರೆ ಪ್ರಾಣಿ ಶಾಂತವಾಗುತ್ತದೆಯೆಂದು ಪ್ರತಿಯೊಂದು ಹೆಜ್ಜೆಯಲ್ಲಿಯೂ ಕೇಳುತ್ತ ಹೋದರು. ಆ ಜಾಡು ಅವರನ್ನು ಹಳೆಯ ರಾಳಕ್ಕೇ ಕರೆದೊಯ್ದಿತು. ೧೯೫೨ರಲ್ಲಿ ಆ ಅಂಟಿನೊಳಗಿನಿಂದ ಹೊಸದೊಂದು ಸಸ್ಯಕ್ಷಾರ ಹೊರಬಂದಿತು. ಅದಕ್ಕೆ ರಿಸರ್ಪೀನ್ ಎಂದು ಹೆಸರಿಟ್ಟರು. ಮಿಕ್ಕವುಗಳಿಗಿಂತ ಅದರ ಕ್ಷಾರಗುಣ ದುರ್ಬಲ. ಆದುದರಿಂದಲೇ ಬಲವಾದ ಕ್ಷಾರಗಳನ್ನು ಸೆಳೆಯುವ ವಾಡಿಕೆಯ ಕ್ರಮಗಳಿಗೆ ಸಿಕ್ಕದೆ ರಾಳದಲ್ಲಿಯೇ ಉಳಿದುಬಿಡುತ್ತಿತ್ತು.

ಅದು ಬೇರಿನಲ್ಲಿರುವ ಪ್ರಮಾಣವನ್ನು ನೋಡಿದರೆ ಮೂವತ್ತರ ದಶಕದವರು ಕಾಣದೆಹೋದುದರಲ್ಲಿ ಆಕ್ಷೇಪಣೆಯಿಲ್ಲ. ಇಂದಿನ ಲೆಕ್ಕದಂತೆ ಸರ್ಪಗಂಧಿಯಲ್ಲಿ ೫೦ಕ್ಕೂ ಹೆಚ್ಚು ಸಸ್ಯಕ್ಷಾರಗಳಿವೆ. ಎಲ್ಲ ಸೇರಿ ಒಣಬೇರಿನ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು; ಅದರಲ್ಲಿ ರಿಸರ್ಪೀನಿನ ಭಾಗ ಸಾವಿರಕ್ಕೆ ಒಂದರ ಆಸುಪಾಸು. ರಕ್ತದ ಒತ್ತಡಕ್ಕೆ ವೈದ್ಯರು ಕೊಡುತ್ತ ಬಂದ ಅಳತೆಯು ದಿನಕ್ಕೆ ಒಂದು ಮಿಲಿಗ್ರಾಮಿನ ಹತ್ತನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗ. ಒಂದು ಅಕ್ಕಿಯ ಕಾಳಿನ ತೂಕದಷ್ಟು ರಿಸರ್ಪೀನಿದ್ದರೆ ಒಬ್ಬನಿಗೆ ಎರಡು ಮೂರು ತಿಂಗಳಿಗಾಗುವಷ್ಟಾಯಿತು. ಅದರ ಅಣುವಿನ ಕಟ್ಟಡವಾದರೋ ಸಾಮಾನ್ಯವಾದುದಲ್ಲ: ಇಂಗಾಲದ ೩೩, ಜಲಜನಕದ ೪೦, ಸಾರಜನಕದ ೨, ಆಮ್ಲಜನಕದ ೯ ಪರಮಾಣುಗಳು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ರಾಬರ್ಟ್ ವುಡ್‌ವರ್ಡ್ ೧೯೫೬ರಲ್ಲಿ ಇದನ್ನು ಗಿಡದ ಸಹಾಯವಿಲ್ಲದೆ ಗಾಜಿನ ಪಾತ್ರೆಯಲ್ಲಿಯೇ ಕಟ್ಟಿ ತೋರಿಸಿದನು. ಆ ಶಾಸ್ತ್ರದ ಮಹಾಸಾಹಸಗಳಲ್ಲಿ ಅದೊಂದೆಂದು ಬಲ್ಲವರು ಹೇಳುತ್ತಾರೆ.

ನ್ಯೂಯಾರ್ಕ್ ಸಂಸ್ಥಾನದ ರಾಕ್‌ಲೆಂಡ್ ಸರ್ಕಾರಿ ಆಸ್ಪತ್ರೆಯಲ್ಲಿ ನೇಥನ್ ಕ್ಲೈನ್ ಎಂಬ ಮನೋವೈದ್ಯನು ಬೇರನ್ನೂ ರಿಸರ್ಪೀನನ್ನೂ ನೂರಾರು ರೋಗಿಗಳಿಗೆ ಕೊಟ್ಟು ೧೯೫೪ರಲ್ಲಿ ವರದಿಯನ್ನು ಪ್ರಕಟಿಸಿದನು. ವರ್ಷಾನುಗಟ್ಟಲೆ ಮಾತನ್ನೇ ಆಡದಿದ್ದವರು, ಕಟ್ಟಿಹಾಕಿದ ಹೊರತು ನಿಲ್ಲದಿದ್ದವರು ಸಮಾಧಾನಕ್ಕೆ ಬಂದರು. ಎಲ್ಲರೂ ಬರಲಿಲ್ಲ, ಬಂದವರೆಲ್ಲ ಗುಣಮುಖರಾದರೆಂದೂ ಹೇಳಲಾಗದು. ಆದರೂ ಆಸ್ಪತ್ರೆಗಳ ಕೋಣೆಗಳಲ್ಲಿ ಸದ್ದಡಗಿತು. ಅದೇ ವರ್ಷಗಳಲ್ಲಿ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೋಮಜೀನ್ ಎಂಬ ಕೃತಕ ಮದ್ದೂ ಬಳಕೆಗೆ ಬಂದಿದ್ದಿತು. ಇವೆರಡೂ ಕೂಡಿ, ಹುಚ್ಚು ಮದ್ದಿಗೆ ಜಗ್ಗದೆಂಬ ಭಾವನೆಯನ್ನು ಕೆಲವೇ ವರ್ಷಗಳಲ್ಲಿ ಅಳಿಸಿಬಿಟ್ಟವು. ೧೯೫೭ರಲ್ಲಿ ಅಮೆರಿಕದ ಲ್ಯಾಸ್ಕರ್ ಪ್ರಶಸ್ತಿಯನ್ನು ಈ ಕ್ಷೇತ್ರದಲ್ಲಿ ದುಡಿದವರಿಗೆ ಹಂಚಿದಾಗ ಕ್ಲೈನನ ಜತೆಗೆ ಮುಂಬಯಿಯ ವಕೀಲರೂ ಇದ್ದರು. ಸೇನ್ ಮತ್ತು ಬೋಸರ ಹೆಸರನ್ನು ಅಲ್ಲಿ ಹುಡುಕಬೇಕಾಗಿಲ್ಲ.

ಈ ವಸ್ತು ಮೈಯೊಳಗೆ ಹೋಗಿ ಮಾಡುವುದಾದರೂ ಏನು? ನಮ್ಮ ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಬಹುಮಟ್ಟಿಗೆ ರಸವಸ್ತುಗಳ ಮೂಲಕ. ನಾರ್ಅಡ್ರಿನಲಿನ್, ಡೋಪಮೀನ್, ಸೆರೊಟೊನಿನ್ ಎಂಬುವು ಅಂತಹ ಮೂರು ದೂತರು. ನರದ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿವೆ; ರೈತನು ಕಣಜದಲ್ಲಿ ಕಾಳು ತುಂಬಿಡುವಂತೆ ನರವು ಈ ಚೀಲಗಳಲ್ಲಿ ದೂತರಸವನ್ನು ತುಂಬಿಟ್ಟುಕೊಂಡು, ಬೇಕಾದಾಗ ಹೊರಕ್ಕೆ ಸುರಿಯುತ್ತದೆ. ಕಣಜಕ್ಕೆ ಕಾಳನ್ನು ಏರಿಸುವ ಒಂದು ಯಂತ್ರ ಚೀಲದ ಗೋಡೆಯಲ್ಲಿಯೇ ಇದೆ. ರಿಸರ್ಪೀನ್ ಆ ಯಂತ್ರಕ್ಕೆ ಅಂಟಿಕೊಂಡು ಅದನ್ನು ನಿಲ್ಲಿಸಿಬಿಡುತ್ತದೆ. ಕಾಳು ಹೊರಗೆ ಚೆಲ್ಲಿ ಬಿದ್ದು ಜೀರ್ಣಕಾರಕಗಳಿಗೆ ಆಹಾರವಾಗುತ್ತದೆ; ಕಣಜ ಬರಿದಾಗುತ್ತದೆ. ರಕ್ತನಾಳಗಳನ್ನು ಬಿಗಿಮಾಡೆಂದು ಹೇಳುವ ದೂತನಿಲ್ಲವಾದುದರಿಂದ ನಾಳಗಳು ಸಡಿಲುತ್ತವೆ, ಒತ್ತಡ ಇಳಿಯುತ್ತದೆ. ಮಿದುಳಿನಲ್ಲಿ ಅದೇ ಬಗೆಯ ಬರಿದಾಗುವಿಕೆಯಿಂದ ಉದ್ರೇಕ ತಗ್ಗುತ್ತದೆ. ಇರುವ ಕಣಜ ಖಾಲಿಯಾಗಲು ದಿನಗಳು ಬೇಕು. ಹೊಸ ಚೀಲಗಳು ಹುಟ್ಟಿ ಮತ್ತೆ ತುಂಬಲು ಇನ್ನೂ ಹೆಚ್ಚು ದಿನಗಳು ಬೇಕು. ಬಿಹಾರದ ಮನೆಗಳಲ್ಲಿ ಬೇರನ್ನು ಒಂದು ಸಲ ಕೊಟ್ಟು ಬಿಡದೆ ಕೆಲವು ದಿವಸ ಕೊಡುತ್ತಿದ್ದುದೇಕೆ, ಮದ್ದು ನಿಲ್ಲಿಸಿದರೂ ಅದರ ಗುಣ ಬಹಳ ಹೊತ್ತು ನಿಲ್ಲುತ್ತಿದ್ದುದೇಕೆ ಎಂಬುದು ಇದರಿಂದ ತಿಳಿಯುತ್ತದೆ.

ಇದು ತಾನಾಗಿ ತಿಳಿದುಬಂದುದಲ್ಲ. ೧೯೫೫ರಲ್ಲಿ ಅಮೆರಿಕದ ಬೆಥೆಸ್ಡದಲ್ಲಿ ಬರ್ನಾರ್ಡ್ ಬ್ರೋಡಿಯ ಪ್ರಯೋಗಾಲಯದವರು ರಿಸರ್ಪೀನ್ ಕೊಟ್ಟ ಪ್ರಾಣಿಗಳಲ್ಲಿ ಸೆರೊಟೊನಿನ್ ಖಾಲಿಯಾಗುವುದನ್ನು ತೋರಿಸಿದರು. ಅಲ್ಲಿ ಕೆಲವು ಕಾಲ ಕೆಲಸ ಕಲಿತು ಸ್ವೀಡನ್ನಿಗೆ ಹಿಂದಿರುಗಿದ ಆರ್ವಿಡ್ ಕಾರ್ಲ್‌ಸನ್ ೧೯೫೭ರಲ್ಲಿ ಇನ್ನೊಂದು ಪ್ರಯೋಗ ಮಾಡಿದನು. ರಿಸರ್ಪೀನ್ ಚುಚ್ಚಿದ ಮೊಲಗಳು ಕಿವಿ ಇಳಿಬಿಟ್ಟು ಅಲುಗಾಡದೆ ಕುಳಿತುಬಿಟ್ಟವು. ಅವಕ್ಕೆ ಡೋಪಮೀನಾಗಿ ಮಾರ್ಪಡುವ ಡೋಪ ಎಂಬ ವಸ್ತುವನ್ನು ಕೊಟ್ಟ ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ಓಡಾಡಿದವು. ಡೋಪಮೀನಿಲ್ಲದೆ ಚಲನೆಯಿಲ್ಲ ಎಂಬುದು ಹೀಗೆ ಗೊತ್ತಾಯಿತು. ಕೈ ನಡುಗಿ ಮೈ ಬಿಗಿಯುವ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಇದೇ ರಸ ಬತ್ತಿಹೋಗಿರುವುದೂ ೧೯೬೦ರಲ್ಲಿ ಗೊತ್ತಾಗಿ, ಅದೇ ಡೋಪ ಮುಂದೆ ಅವರ ಮುಖ್ಯ ಔಷಧವಾಯಿತು. ಕಾರ್ಲ್‌ಸನ್ನನಿಗೆ ೨೦೦೦ದಲ್ಲಿ ನೊಬೆಲ್ ಪಾರಿತೋಷಿಕ ಬಂದಿತು. ಇಂದು ಸರ್ಪಗಂಧಿಯ ಹೆಸರನ್ನೇ ಕೇಳದ ಎಷ್ಟೋ ಮಂದಿ ವೃದ್ಧರು ಎರಡು ಹೆಜ್ಜೆ ನಡೆಯುವುದಕ್ಕೆ ಆ ಬೇರಿಗೆ ಋಣಿಗಳು. ನಮ್ಮ ಅಭಿಪ್ರಾಯದಲ್ಲಿ ಬೇರು ಮದ್ದಾಗಿ ಮಾಡಿದ ಉಪಕಾರಕ್ಕಿಂತ ಬೆರಳಾಗಿ ತೋರಿಸಿಕೊಟ್ಟ ಉಪಕಾರವೇ ದೊಡ್ಡದು.

ಕಣಜವನ್ನು ಬರಿದುಮಾಡುವ ಮದ್ದಿನಿಂದ ಕೇಡಿಲ್ಲವೆಂದರೆ ಯಾರೂ ನಂಬಲಾರರು. ಮೂಗು ಕಟ್ಟುವುದು, ಹೊಟ್ಟೆಯ ಹುಣ್ಣು ಕೆರಳುವುದು ಸಣ್ಣ ತೊಂದರೆಗಳು. ಒತ್ತಡಕ್ಕಾಗಿ ರಿಸರ್ಪೀನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಕೆಲವರು, ಅದರಲ್ಲಿಯೂ ಹೆಚ್ಚಿನ ಅಳತೆಯಲ್ಲಿ ತೆಗೆದುಕೊಂಡವರು, ಕಾರಣವಿಲ್ಲದೆ ಗಾಢವಾದ ವಿಷಾದಕ್ಕೆ ಬೀಳುತ್ತಾರೆಂದು ೧೯೫೦ರ ದಶಕದಲ್ಲಿಯೇ ವರದಿಗಳು ಬಂದವು. ಶಾಂತಿಯನ್ನು ತಂದ ಬೇರು ಒಂದು ಗೆರೆ ದಾಟಿದರೆ ಉತ್ಸಾಹವನ್ನೇ ಕಸಿಯುವುದೆಂದು ವೈದ್ಯರು ಎಚ್ಚರಗೊಂಡರು. ವಿಷಾದರೋಗವು ದೂತರಸಗಳ ಕೊರತೆಯಿಂದ ಬರುವುದೆಂಬ ಸಿದ್ಧಾಂತಕ್ಕೂ ಇದೇ ಆಧಾರವಾಯಿತು. ಅದು ಎಷ್ಟು ಮಂದಿಗೆ ನಿಜವಾಗಿ ಆಗುತ್ತಿತ್ತು, ಆ ಸಿದ್ಧಾಂತಕ್ಕೆ ಬುಡ ಎಷ್ಟು ಗಟ್ಟಿ ಎಂಬುದನ್ನು ಈಚಿನ ಪಂಡಿತರು ಮತ್ತೆ ಕೆದಕಿ ನೋಡುತ್ತಿದ್ದಾರೆ. ೧೯೭೪ರಲ್ಲಿ ಸ್ತನದ ಅರ್ಬುದಕ್ಕೂ ರಿಸರ್ಪೀನಿಗೂ ನಂಟಿದೆಯೆಂಬ ಸುದ್ದಿ ಹುಟ್ಟಿ ದೊಡ್ಡ ಗುಲ್ಲಾಯಿತು. ಮುಂದಿನ ಸಂಶೋಧನೆಗಳು ಅದನ್ನು ಎತ್ತಿಹಿಡಿಯಲಿಲ್ಲ. ಆದರೆ ಒಮ್ಮೆ ಹೋದ ಹೆಸರು ಹೋಯಿತು. ಅಷ್ಟರಲ್ಲಿ ಹೊಸ ಮದ್ದುಗಳೂ ಬಂದಿದ್ದವು. ರಿಸರ್ಪೀನ್ ಬರಬರುತ್ತ ಮೂಲೆಗೆ ಸರಿಯಿತು.

ಅದು ಮೂಲೆಗೆ ಸರಿಯುವ ಮೊದಲು ನಡೆದ ಒಂದು ಪರೀಕ್ಷೆಯನ್ನು ಹೇಳದೆ ಬಿಡಲಾಗದು. ರಕ್ತದ ಒತ್ತಡವನ್ನು ಇಳಿಸಿದರೆ ರೋಗಿ ಹೆಚ್ಚು ಕಾಲ ಬಾಳುತ್ತಾನೆಯೆ ಎಂಬುದು ಆಗಿನ್ನೂ ವಿವಾದದ ವಿಷಯ. ಏರಿದ ಒತ್ತಡ ದೇಹಕ್ಕೆ ಅವಶ್ಯಕವಾದುದು, ಅದನ್ನು ಮುಟ್ಟಬಾರದು ಎನ್ನುವ ದೊಡ್ಡ ವೈದ್ಯರಿದ್ದರು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೈಸ್ ಎಂಬಾತನ ನೇತೃತ್ವದಲ್ಲಿ, ಒತ್ತಡ ಬಹಳ ಏರಿದ್ದ ೧೪೩ ಗಂಡಸರನ್ನು ಆರಿಸಿ, ೭೩ ಮಂದಿಗೆ ರಿಸರ್ಪೀನನ್ನು ಇನ್ನೆರಡು ಮದ್ದುಗಳೊಡನೆ ಸೇರಿಸಿ ಕೊಟ್ಟರು; ೭೦ ಮಂದಿಗೆ ಮದ್ದಿಲ್ಲದ ಮಾತ್ರೆ. ಮದ್ದಿಲ್ಲದವರಲ್ಲಿ ಪಾರ್ಶ್ವವಾಯು, ಹೃದಯದ ಸೋಲು, ಸಾವು ಇವು ಒಂದರ ಮೇಲೊಂದು ಬರತೊಡಗಿ ಪರೀಕ್ಷೆಯ ಆ ಭಾಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ೧೯೬೭ರಲ್ಲಿ ಫಲಿತಾಂಶ ಪ್ರಕಟವಾದ ಮೇಲೆ ಹಳೆಯ ವಾದಕ್ಕೆ ನಿಲುಗಡೆಯಿಲ್ಲದೆ ಹೋಯಿತು. ಇಂದು ಯಾವ ಊರಿನಲ್ಲಿಯೇ ಆಗಲಿ ವೈದ್ಯನು ರೋಗಿಯ ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡಿ ಮಾತ್ರೆ ಬರೆಯುವಾಗ, ಆ ವಾಡಿಕೆಯ ಅಡಿಪಾಯದಲ್ಲಿ ಈ ಬೇರಿನದೂ ಒಂದು ಕಲ್ಲುಂಟು.

ಬೇರಿನ ಪುಡಿ ಮೇಲೋ, ಶುದ್ಧ ರಿಸರ್ಪೀನ್ ಮೇಲೋ ಎಂದು ನಮ್ಮಲ್ಲಿ ಬಹಳ ವಾದ ನಡೆದಿದೆ. ಬೇರಿನಲ್ಲಿ ಎಲ್ಲ ಸಸ್ಯಕ್ಷಾರಗಳೂ ಕೂಡಿರುವುದರಿಂದ ಅದು ಸೌಮ್ಯವೆಂದು ಹೇಳುವವರಿದ್ದಾರೆ. ಆದರೆ ಒಂದು ಕಾಡಿನ ಬೇರಿನಂತೆ ಇನ್ನೊಂದು ಕಾಡಿನದಿರುವುದಿಲ್ಲ. ಋತು, ವಯಸ್ಸು, ನೆಲ ಇವುಗಳಿಗೆ ತಕ್ಕಂತೆ ಸಸ್ಯಕ್ಷಾರದ ಪ್ರಮಾಣ ಏರಿಳಿಯುತ್ತದೆ. ಅದರ ಬಹುಪಾಲು ಬೇರಿನ ಸಿಪ್ಪೆಯಲ್ಲಿರ���ವುದರಿಂದ ಸಿಪ್ಪೆ ಉದುರಿದ ಸರಕು ಸತ್ವಹೀನ. ಅಮೆರಿಕದಿಂದ ಬಂದು ನಮ್ಮ ಹೊಲದ ಬೇಲಿಗಳಲ್ಲಿ ಬೆಳೆಯುತ್ತಿರುವ ಅದೇ ಕುಲದ ಇನ್ನೊಂದು ಗಿಡದ ಬೇರನ್ನು ಬೆರೆಸಿ ಮಾರುವುದೂ ಉಂಟು. ಮಿಲಿಗ್ರಾಮಿನ ಭಾಗದಲ್ಲಿ ಹಿತಾಹಿತ ನಿಂತಿರುವ ವಸ್ತುವನ್ನು ಚಿಟಿಕೆಯಲ್ಲಿ ಅಳೆಯುವುದು ಸರಿಯಲ್ಲವೆಂದೇ ನಮ್ಮ ಮತ. ಸಂತೆಯವರು ಗುಣವನ್ನು ಸರಿಯಾಗಿ ಕಂಡಿದ್ದರು. ಅಳತೆಯು ಅವರ ಕೈಯಲ್ಲಿರಲಿಲ್ಲ.

ಇಷ್ಟು ಕೀರ್ತಿ ಬಂದುದರಿಂದ ಗಿಡಕ್ಕೆ ಒದಗಿದ್ದು ಆಪತ್ತು. ಎಲೆ ಕೊಯ್ದರೆ ಗಿಡ ಮತ್ತೆ ಚಿಗುರುತ್ತದೆ. ಬೇರು ಕಿತ್ತರೆ ಗಿಡವೇ ಹೋಯಿತು. ೧೯೫೦ರ ದಶಕದಲ್ಲಿ ಬೇರಿಗೆ ಹೊರದೇಶಗಳಿಂದ ಬಂದ ಬೇಡಿಕೆಯನ್ನು ತಾಳಲಾರದೆ ಕಾಡುಗಳು ಬರಿದಾಗುತ್ತಿರಲು, ಆ ದಶಕದ ನಡುವೆ ಭಾರತ ಸರ್ಕಾರವು ರಫ್ತಿಗೆ ತಡೆ ಹಾಕಿತು. ಹೊರಗಿನವರು ರಿಸರ್ಪೀನ್ ಹೆಚ್ಚಾಗಿರುವ ಆಫ್ರಿಕದ ಸೋದರಗಿಡವೊಂದರ ಕಡೆಗೆ ತಿರುಗಿದರು. ಆದರೂ ಕದ್ದು ಕೀಳುವುದು ನಿಲ್ಲಲಿಲ್ಲ. ೧೯೯೦ರಲ್ಲಿ, ಅಳಿವಿನ ಭಯವುಳ್ಳ ಜೀವಿಗಳ ವ್ಯಾಪಾರವನ್ನು ಹಿಡಿತದಲ್ಲಿಡುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಗೆ ಸರ್ಪಗಂಧಿ ಸೇರಿತು. ಬೆಳೆಸೋಣವೆಂದರೆ ಬೀಜಗಳಲ್ಲಿ ಎಷ್ಟೋ ಪೊಳ್ಳು, ಮೊಳೆಯುವುದು ಕಡಮೆ, ಮೊಳೆತ ಗಿಡದ ಬೇರು ಕೀಳಲು ತಕ್ಕುದಾಗುವುದಕ್ಕೆ ಒಂದೂವರೆ ವರ್ಷದಿಂದ ಮೂರು ವರ್ಷ ಕಾಯಬೇಕು. ಮಲೆನಾಡಿನಲ್ಲಿ ನೆರಳುಳ್ಳ ಜಾಗಗಳಲ್ಲಿ ಬೇರಿನ ತುಂಡಿನಿಂದಲೂ ಕಡ್ಡಿಯಿಂದಲೂ ಇದನ್ನು ಬೆಳೆಸಲು ಸಾಧ್ಯ. ಆದರೆ ಕಾಡಿನಲ್ಲಿ ಪುಕ್ಕಟೆ ಸಿಕ್ಕುವವರೆಗೆ ಅಷ್ಟು ತಾಳ್ಮೆ ಯಾರಿಗೆ?

ಸಿದ್ದಿಕಿಯವರು ೧೯೫೧ರಲ್ಲಿ ಪಾಕಿಸ್ತಾನಕ್ಕೆ ಹೋದರು; ಕರಾಚಿಯಲ್ಲಿ ದೊಡ್ಡದೊಂದು ರಸಾಯನ ಸಂಸ್ಥೆಯನ್ನು ಕಟ್ಟಿ, ೧೯೯೪ರಲ್ಲಿ ತೀರಿಕೊಂಡರು. ಅವರು ೧೯೩೧ರಲ್ಲಿ ತೆಗೆದ ಬಿಳಿಯ ಹರಳು ಚಿತ್ತಶಾಂತಿಯ ವಸ್ತುವಲ್ಲವೆಂದು ಗೊತ್ತಾದ ಮೇಲೆ ಅದರ ಕಡೆಗೆ ಅನೇಕರು ತಿರುಗಿ ನೋಡಿರಲಿಲ್ಲ. ಆದರೆ ಅಜ್ಮಲೀನ್ ಹೃದಯದ ಮಾಂಸದಲ್ಲಿ ಸೋಡಿಯಂ ಹರಿಯುವ ದ್ವಾರಗಳನ್ನು ಮುಚ್ಚಿ ಅದರ ತಾಳವನ್ನು ತಿದ್ದಬಲ್ಲುದೆಂದು ಮುಂದೆ ಕಂಡುಬಂದಿತು. ಯೂರೋಪಿನಲ್ಲಿ ಅದು ಮದ್ದಾಗಿ ಬಳಕೆಗೆ ಬಂದಿತು. ೧೯೯೨ರಲ್ಲಿ ಬ್ರುಗಾಡ ಸಹೋದರರು ಹೃದಯದ ಒಂದು ವಿಚಿತ್ರ ರೋಗವನ್ನು ವರ್ಣಿಸಿದರು. ನೋಡುವುದಕ್ಕೆ ಆರೋಗ್ಯವಾಗಿರುವವರು, ಅನೇಕ ವೇಳೆ ತರುಣರು, ನಿದ್ರೆಯಲ್ಲಿಯೇ ಹೃದಯ ನಿಂತು ಸಾಯುವ ರೋಗವದು. ಒಂದೇ ವಂಶದಲ್ಲಿ ಹರಿದುಬರುವುದೂ ಉಂಟು. ಅದು ಅಡಗಿರುವಾಗ ಹೃದಯದ ವಿದ್ಯುತ್ ರೇಖೆಗಳಲ್ಲಿ ಏನೂ ಕಾಣುವುದಿಲ್ಲ. ಅಂತಹವನನ್ನು ಆಸ್ಪತ್ರೆಯ ಮಂಚದ ಮೇಲೆ ಮಲಗಿಸಿ, ರೇಖಾಯಂತ್ರವನ್ನು ಎದೆಗೆ ಹಚ್ಚಿ, ತೋಳಿನ ರಕ್ತನಾಳದಲ್ಲಿ ಸ್ವಲ್ಪ ಸ್ವಲ್ಪವಾಗಿ ಅಜ್ಮಲೀನನ್ನು ಹರಿಯಿಸುತ್ತಾರೆ. ರೋಗವಿದ್ದರೆ ಕೆಲವೇ ನಿಮಿಷಗಳಲ್ಲಿ ರೇಖೆಯು ತನ್ನ ನಿಜವಾದ ಆಕಾರವನ್ನು ತೋರಿಸುತ್ತದೆ. ಅಣ್ಣನನ್ನು ಹಾಗೆ ಕಳೆದುಕೊಂಡ ಮನೆಯ ತಮ್ಮಂದಿರನ್ನೂ ತಂಗಿಯರನ್ನೂ ಯೂರೋಪಿನ ಆಸ್ಪತ್ರೆಗಳಲ್ಲಿ ಈಗ ಪರೀಕ್ಷಿಸುವುದು ದೆಹಲಿಯ ಹಕೀಮರ ಹೆಸರನ್ನು ಹೊತ್ತ ಆ ಹರಳಿನಿಂದಲೇ.